ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಆಟಗಾರರ ವ್ಯಾಪಾರ: ಮೊದಲು ಮಾರಿ, ಆಮೇಲೆ ಕೊಳ್ಳಿ

ಫುಟ್‌ಬಾಲ್ ಮ್ಯಾನೇಜರ್ (ಎಫ್‌ಎಂ) ಅಂದರೆ ಒಂದು ಫುಟ್‌ಬಾಲ್ ಕ್ಲಬ್ ನಡೆಸುವ ಕಂಪ್ಯೂಟರ್ ಗೇಮ್. ಎರಡನೇ ಸೀಸನ್ ಹೊತ್ತಿಗೆ ಗೆಳೆಯರು ತಮ್ಮ ಸೇವ್ (ಉಳಿಸಿಟ್ಟ ಆಟ) ತೆರೆದು ತೋರಿಸಿದಾಗ ನನಗೆ ಕಾಣುವುದು ಬಹುಪಾಲು ಒಂದೇ ಚಿತ್ರ. ತಂಡದಲ್ಲಿ 34 ಜನ. ಸಂಬಳದ ಬಜೆಟ್ ಕೆಂಪಾಗಿದೆ. ಟ್ರಾನ್ಸ್‌ಫರ್ ಬಜೆಟ್ (ಆಟಗಾರರನ್ನು ಕೊಳ್ಳುವ ಹಣ) ಸೊನ್ನೆ. ಬೆಂಚಿನಲ್ಲಿ ಕೂತವರಲ್ಲಿ ನಾಲ್ಕು ಜನ ಮುನಿಸಿಕೊಂಡಿದ್ದಾರೆ. ‘ಯಾರೂ ಕೊಳ್ತಾನೇ ಇಲ್ಲ ಮಾರಾಯ, ಗೇಮ್‌ನಲ್ಲೇ ಏನೋ ಬಗ್ ಇದೆ’ ಅನ್ನುತ್ತಾರೆ. ಬಗ್ ಏನೂ ಇಲ್ಲ. ಕೆಲಸದ ಕ್ರಮ ತಪ್ಪಿದೆ, ಅಷ್ಟೇ.

ಟ್ರಾನ್ಸ್‌ಫರ್ ವಿಂಡೋ (ಆಟಗಾರರನ್ನು ಕೊಳ್ಳಲು, ಮಾರಲು ಬಿಡುವ ಅವಧಿ) ತೆರೆದ ದಿನವೇ ಕೊಳ್ಳಲು ಹೊರಡುತ್ತಾರೆ. ಕಾಸು ಮುಗಿದ ಮೇಲೆ ಮಾರಲು ಹೊರಡುತ್ತಾರೆ. ಅಷ್ಟು ಹೊತ್ತಿಗೆ ಎದುರಿನ ಕ್ಲಬ್‌ಗಳ ಕಾಸೂ ಮುಗಿದಿರುತ್ತದೆ. ಈ ಕ್ರಮವನ್ನು ತಿರುಗಿಸಿದರೆ ಅರ್ಧ ಸಮಸ್ಯೆ ತಾನಾಗೇ ಹೋಗುತ್ತದೆ. ಉಳಿದರ್ಧ ಷರತ್ತುಗಳಲ್ಲಿ ಅಡಗಿದೆ.

ಎಫ್‌ಎಂ 24ರ ಪರದೆಗಳನ್ನು ಎದುರಿಗಿಟ್ಟುಕೊಂಡು ಇದನ್ನು ಬರೆದಿದ್ದೇನೆ. 2025ರ ಆವೃತ್ತಿ ರದ್ದಾಯಿತು. ಎಫ್‌ಎಂ 26ರಲ್ಲಿ ಪರದೆಗಳ ರೂಪ, ಬಟನ್‌ಗಳ ಜಾಗ ಬದಲಾಗಿವೆ. ಹೆಸರು ಹೊಂದದಿದ್ದರೆ ಗಾಬರಿ ಬೇಡ, ವ್ಯಾಪಾರದ ಲೆಕ್ಕ ಅದೇ.

## ಮುಂಚೆ ಹೊಂದಿಸಿಕೊಳ್ಳಬೇಕಾದದ್ದು

ಮೊದಲಿಗೆ ಒಂದು ಕಾಗದ, ಒಂದು ಪೆನ್ನು. ನಗಬೇಡಿ. ಅದರಲ್ಲಿ ಮೂರು ಪಟ್ಟಿ ಬೇಕು: ಹೋಗಲೇಬೇಕಾದವರು, ಒಳ್ಳೆ ಬೆಲೆ ಬಂದರೆ ಹೋಗಬಹುದಾದವರು, ಮುಟ್ಟಬಾರದವರು. ಪರದೆ ನೋಡುತ್ತಾ ತಲೆಯಲ್ಲೇ ನಿರ್ಧರಿಸಿದರೆ ಎರಡನೇ ಪಟ್ಟಿ ದಿನದಿನಕ್ಕೂ ಬದಲಾಗುತ್ತದೆ.

ಆಮೇಲೆ ಪ್ರಿಫರೆನ್ಸಸ್‌ಗೆ ಹೋಗಿ, ಸಂಬಳವನ್ನು ವಾರದ ಬದಲು ವರ್ಷದ ಲೆಕ್ಕದಲ್ಲಿ ತೋರಿಸುವಂತೆ ಮಾಡಿ. ವಾರಕ್ಕೆ 30 ಸಾವಿರ ಪೌಂಡ್ ಅಂದರೆ ಸಣ್ಣದಾಗಿ ಕಾಣುತ್ತದೆ. ವರ್ಷಕ್ಕೆ ಅದು 15.6 ಲಕ್ಷ. ನಾಲ್ಕು ವರ್ಷದ ಒಪ್ಪಂದಕ್ಕೆ 62.4 ಲಕ್ಷ. ‘ಫ್ರೀಯಾಗಿ ಸಿಕ್ಕಿದ’ ಆಟಗಾರನ ನಿಜವಾದ ಬೆಲೆ ಇದು.

ಸ್ಕ್ವಾಡ್ ಪುಟದಲ್ಲಿ ನಿಮ್ಮದೇ ಒಂದು ವ್ಯೂ ಮಾಡಿಟ್ಟುಕೊಳ್ಳಿ. ವಯಸ್ಸು, ಸಂಬಳ, ಒಪ್ಪಂದ ಮುಗಿಯುವ ದಿನ, ಟ್ರಾನ್ಸ್‌ಫರ್ ವ್ಯಾಲ್ಯೂ, ಒಪ್ಪಿದ ಪ್ಲೇಯಿಂಗ್ ಟೈಮ್ (ಎಷ್ಟು ಆಡಿಸುತ್ತೇವೆ ಅಂತ ಕೊಟ್ಟ ಮಾತು), ಈ ಐದು ಕಾಲಂ ಸಾಕು. ಗೋಲು, ಅಸಿಸ್ಟ್ ಇಲ್ಲಿ ಬೇಡ. ಅವು ಕಣ್ಣಿಗೆ ಬಿದ್ದರೆ ಕೈ ತಡೆಯುತ್ತದೆ.

ಸ್ಕೌಟ್‌ಗಳಲ್ಲಿ (ಆಟಗಾರರನ್ನು ಹುಡುಕಿ ಅಳೆಯುವವರಲ್ಲಿ) ಕನಿಷ್ಠ ಇಬ್ಬರಿಗೆ ಜಡ್ಜಿಂಗ್ ಪ್ಲೇಯರ್ ಎಬಿಲಿಟಿ ಮತ್ತು ಜಡ್ಜಿಂಗ್ ಪ್ಲೇಯರ್ ಪೊಟೆನ್ಷಿಯಲ್ ಎರಡೂ 20ಕ್ಕೆ 14–15 ಇರಲಿ. ಇಲ್ಲದಿದ್ದರೆ ಮೊದಲ ಖರೀದಿ ಆಟಗಾರನದಲ್ಲ, ಸ್ಕೌಟ್‌ನದು. ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಹೊಸ ಸೇವ್ ಶುರು ಮಾಡುವವರಿಗೆ ಒಂದು ಮಾತು. ಮೊದಲ ವಿಂಡೋದಲ್ಲಿ ವ್ಯಾಪಾರ ಬೇಡ ಅನ್ನುವ ಆಯ್ಕೆ ಗೇಮ್ ಸೆಟಪ್‌ನಲ್ಲೇ ಇದೆ. ಕಲಿಯುವವರು ಅದಕ್ಕೆ ಟಿಕ್ ಹಾಕಿ. ಜನವರಿವರೆಗೆ ಇರುವ ತಂಡವನ್ನೇ ಆಡಿಸಿದರೆ ಯಾರು ಬೇಕು, ಯಾರು ಬೇಡ ಅನ್ನುವುದು ತಾನಾಗೇ ಗೊತ್ತಾಗುತ್ತದೆ.

## ಹಂತ 1: ಜೇಬಿನಲ್ಲಿ ನಿಜಕ್ಕೂ ಎಷ್ಟಿದೆ ನೋಡಿ

ಫೈನಾನ್ಸಸ್ ಪುಟದಲ್ಲಿ ಮೂರು ಅಂಕಿ ಬರೆದುಕೊಳ್ಳಿ: ಟ್ರಾನ್ಸ್‌ಫರ್ ಬಜೆಟ್, ಸಂಬಳದ ಬಜೆಟ್‌ನಲ್ಲಿ ಉಳಿದಿರುವುದು, ಮತ್ತು ಮಾರಾಟದ ಹಣದಲ್ಲಿ ಬೋರ್ಡ್ ನಿಮ್ಮ ಕೈಗೆ ಕೊಡುವ ಶೇಕಡಾವಾರು.

ಮೂರನೆಯದೇ ಮೋಸ ಮಾಡುವುದು. ಅದು ಶೇ. 40 ಇದ್ದರೆ, 8.5 ಮಿಲಿಯನ್‌ಗೆ ಆಟಗಾರನನ್ನು ಮಾರಿದಾಗ ನಿಮ್ಮ ಬಜೆಟ್‌ಗೆ ಬರುವುದು 3.4 ಮಿಲಿಯನ್ ಮಾತ್ರ. ಮಿಕ್ಕಿದ್ದು ಕ್ಲಬ್ಬಿನ ಖಜಾನೆಗೆ. ‘8 ಮಿಲಿಯನ್ ಬರುತ್ತೆ, ಅದರಲ್ಲಿ 7ಕ್ಕೆ ಇನ್ನೊಬ್ಬನನ್ನ ತರ್ತೀನಿ’ ಅಂತ ಮಾತು ಕೊಟ್ಟುಬಿಟ್ಟವರು ಇಲ್ಲೇ ಸಿಕ್ಕಿಬೀಳುತ್ತಾರೆ. ಈ ಪಾಲು ಹೆಚ್ಚಿಸಿ ಅಂತ ಬೋರ್ಡನ್ನು ಕೇಳಬಹುದು. ನಾಲ್ಕೈದು ಪಂದ್ಯ ಗೆದ್ದಾಗ ಕೇಳಿ, ಸೋತಾಗ ಬಾಗಿಲು ತಟ್ಟಬೇಡಿ.

ಬಜೆಟ್ ಸ್ಲೈಡರ್ ಎಳೆದು ಸಂಬಳದ ಹಣವನ್ನೆಲ್ಲ ಟ್ರಾನ್ಸ್‌ಫರ್ ಕಡೆಗೆ ತಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು. ಆಟಗಾರನನ್ನು ಕೊಳ್ಳಲು ದುಡ್ಡು ಇರುತ್ತದೆ, ಸಂಬಳ ಕೊಡಲು ಇರುವುದಿಲ್ಲ. ನನ್ನ ರೂಢಿ ಹೀಗಿದೆ: ಹೊಸಬರೆಲ್ಲ ಬಂದ ಮೇಲೂ ಸಂಬಳದ ಬಜೆಟ್‌ನಲ್ಲಿ ಹತ್ತನೇ ಒಂದು ಭಾಗ ಖಾಲಿ ಇರಬೇಕು. ನಡುವೆ ಒಬ್ಬ ಒಳ್ಳೆ ಹುಡುಗನ ಒಪ್ಪಂದ ಹೊಸದು ಮಾಡಬೇಕಾಗಿ ಬರುತ್ತದೆ. ಆ ಹಣ ಅವನಿಗೆ.

ಕ್ಲಬ್ ವಿಷನ್ ಪುಟವನ್ನೂ ಒಮ್ಮೆ ನೋಡಿ. ‘23ರ ಒಳಗಿನವರನ್ನು ಕೊಳ್ಳಬೇಕು’ ಅಂತ ಬೋರ್ಡ್ ಬರೆಸಿರುವಾಗ 31ರ ಸ್ಟ್ರೈಕರ್ ತಂದರೆ, ಅವನು ಗೋಲು ಹೊಡೆದರೂ ನಿಮ್ಮ ಅಂಕ ಕಡಿಮೆಯಾಗುತ್ತದೆ.

## ಹಂತ 2: ಯಾರು ಹೋಗಬೇಕು ಅನ್ನೋದು ಗೊತ್ತು ಮಾಡಿ

ಸ್ಕ್ವಾಡ್ ಪ್ಲ್ಯಾನರ್ ತೆರೆದು ಒಂದೊಂದು ಜಾಗಕ್ಕೆ ಇಬ್ಬರಂತೆ ಹೆಸರು ತುಂಬಿ. ಇಪ್ಪತ್ತೆರಡು ಜನ, ಮೂರನೇ ಗೋಲ್‌ಕೀಪರ್, ಒಂದಿಬ್ಬರು ಹುಡುಗರು. ಅಲ್ಲಿಗೆ ಸಾಕು. ಹೊರಗೆ ಉಳಿದವರೆಲ್ಲ ಮೊದಲ ಪಟ್ಟಿಗೆ.

ಇಲ್ಲಿ ನಕ್ಷತ್ರಗಳನ್ನು ನಂಬಿ ಮೋಸ ಹೋಗಬೇಡಿ. ಆಟಗಾರನ ಮುಂದೆ ಕಾಣುವ ಸ್ಟಾರ್ ರೇಟಿಂಗ್ ನಿಮ್ಮದೇ ತಂಡದ ಮಟ್ಟಕ್ಕೆ ಹೋಲಿಸಿ ಕೊಟ್ಟದ್ದು, ಅದೂ ನಿಮ್ಮ ಕೋಚ್‌ನ ಅಂದಾಜು. ತಂಡ ಬಲವಾದಷ್ಟೂ ಹಳೆಯ ಆಟಗಾರನ ನಕ್ಷತ್ರ ಉದುರುತ್ತದೆ. ಅವನು ಕೆಟ್ಟಿಲ್ಲ, ಸುತ್ತಲಿನವರು ಚೆನ್ನಾಗಿದ್ದಾರೆ. ಅಂಥವನಿಗೆ ಕೆಳಗಿನ ಕ್ಲಬ್‌ಗಳಲ್ಲಿ ಇನ್ನೂ ಒಳ್ಳೆ ಗಿರಾಕಿ ಇರುತ್ತಾರೆ.

ಎರಡು ಕಾಲಂ ಒಟ್ಟಿಗೆ ಓದಿ: ವಯಸ್ಸು ಮತ್ತು ಒಪ್ಪಂದದ ಕೊನೆ. 28–29 ವಯಸ್ಸು, ಎರಡು ವರ್ಷ ಒಪ್ಪಂದ ಬಾಕಿ, ಚೆನ್ನಾಗಿ ಆಡುತ್ತಿದ್ದಾನೆ. ಮಾರಲು ಇದೇ ಸರಿಯಾದ ಹೊತ್ತು. ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ. ಇನ್ನೊಂದು ವರ್ಷ ಕಾದರೆ ಒಪ್ಪಂದ ಒಂದೇ ವರ್ಷ ಉಳಿದು ಬೆಲೆ ಜಾರುತ್ತದೆ. ಕೊನೆಯ ಆರು ತಿಂಗಳಿಗೆ ಬಂದರೆ ಬೇರೆ ದೇಶದ ಕ್ಲಬ್ ಅವನ ಜೊತೆ ನೇರವಾಗಿ ಮಾತಾಡಿ ಸಹಿ ಹಾಕಿಸಿಕೊಳ್ಳಬಹುದು. ನಿಮಗೆ ಬರುವುದು ಸೊನ್ನೆ. 1995ರ ಬೋಸ್ಮನ್ ತೀರ್ಪಿನಿಂದ ಬಂದ ನಿಯಮ ಇದು, ಗೇಮ್‌ನಲ್ಲೂ ಹಾಗೇ ಇದೆ. ಇಂಗ್ಲೆಂಡಿನಲ್ಲಿ ಒಪ್ಪಂದಗಳು ಜೂನ್ 30ಕ್ಕೆ ಮುಗಿಯುವುದರಿಂದ ಜನವರಿ 1 ನಿಮ್ಮ ಕ್ಯಾಲೆಂಡರಿನ ಕೆಂಪು ದಿನ.

ನೋಂದಣಿ ನಿಯಮವನ್ನೂ ಇದೇ ಹೊತ್ತಿಗೆ ನೋಡಿ. ಪ್ರೀಮಿಯರ್ ಲೀಗ್‌ನಲ್ಲಿ 25 ಜನರ ಪಟ್ಟಿ, ಅದರಲ್ಲಿ ಹೋಮ್‌ಗ್ರೋನ್ (ಹುಡುಗನಾಗಿದ್ದಾಗ ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್‌ಗಳಲ್ಲಿ ಬೆಳೆದವರು) ಅಲ್ಲದವರು 17 ಮಾತ್ರ. 21ರ ಒಳಗಿನವರು ಈ ಲೆಕ್ಕಕ್ಕೆ ಬರುವುದಿಲ್ಲ. ಹೋಮ್‌ಗ್ರೋನ್ ಅಲ್ಲದ ಹದಿನೆಂಟನೆಯವನನ್ನು ಎಷ್ಟೇ ಕೊಟ್ಟು ತಂದರೂ ಸ್ಟ್ಯಾಂಡಿನಲ್ಲಿ ಕೂರಿಸಬೇಕು.

## ಹಂತ 3: ಮಾರಾಟ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಆಟಗಾರನ ಒಪ್ಪಂದದಲ್ಲಿ ಹಳೆಯ ಷರತ್ತು ಏನಾದರೂ ಇದೆಯಾ ನೋಡಿ. ನೀವು ಅವನನ್ನು ಕೊಂಡಾಗ ಹಿಂದಿನ ಕ್ಲಬ್‌ಗೆ ‘ಮುಂದಿನ ಮಾರಾಟದಲ್ಲಿ ಶೇ. 30’ ಅಂತ ಒಪ್ಪಿರಬಹುದು. ಮೂರು ವರ್ಷದ ಹಿಂದಿನ ಮಾತು, ಯಾರಿಗೆ ನೆನಪಿರುತ್ತದೆ? 10 ಮಿಲಿಯನ್‌ಗೆ ಮಾರಿದರೆ 3 ಅವರಿಗೆ ಹೋಗುತ್ತದೆ. ಅದಾದ ಮೇಲೆ ಬೋರ್ಡಿನ ಪಾಲು ಬೇರೆ.

ಎರಡನೇ ಮಾತು: ಟ್ರಾನ್ಸ್‌ಫರ್ ಲಿಸ್ಟಿಗೆ ಹಾಕಲು ಅವಸರ ಬೇಡ. ಲಿಸ್ಟಿಗೆ ಹಾಕಿದ ಕ್ಷಣ ‘ಇವನು ನಮಗೆ ಬೇಡ’ ಅಂತ ಊರಿಗೆಲ್ಲ ಡಂಗುರ ಸಾರಿದಂತೆ. ಬರುವ ಆಫರ್ ಇಳಿಯುತ್ತದೆ, ಆಟಗಾರನ ಮುಖವೂ ಇಳಿಯುತ್ತದೆ. ಲಿಸ್ಟ್ ಮಾಡದೆಯೇ ‘ಆಫರ್ ಟು ಕ್ಲಬ್ಸ್’ ಬಳಸಬಹುದು. ಅಲ್ಲಿ ಬೆಲೆ ನೀವು ಬರೆಯಬೇಕು.

ಎಷ್ಟು ಬರೆಯುವುದು? ಗೇಮ್ ಈಗ ಒಂದೇ ಬೆಲೆ ತೋರಿಸುವುದಿಲ್ಲ, ‘7ರಿಂದ 9 ಮಿಲಿಯನ್’ ಅಂತ ಒಂದು ಅಂತರ ತೋರಿಸುತ್ತದೆ. ಅದರ ಮೇಲಿನ ಅಂಕಿಗಿಂತ ಸ್ವಲ್ಪ ಜಾಸ್ತಿಯಿಂದ ಶುರು ಮಾಡಿ. ನಾಲ್ಕೈದು ದಿನ ಯಾರೂ ಬರದಿದ್ದರೆ ಒಂದು ಮೆಟ್ಟಿಲು ಇಳಿಸಿ. ಒಂದೇ ಸಲ ಅರ್ಧಕ್ಕೆ ಇಳಿಸುವವರಿದ್ದಾರೆ, ಅದು ವ್ಯಾಪಾರ ಅಲ್ಲ, ದಾನ.

ನನ್ನ ಒಂದು ಚಾಂಪಿಯನ್‌ಶಿಪ್ (ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್) ಸೇವ್‌ನಿಂದ ಉದಾಹರಣೆ ಹೇಳುತ್ತೇನೆ. ಬಲಗಡೆಯ ವಿಂಗರ್, 27 ವಯಸ್ಸು, ತೋರಿಸಿದ ಬೆಲೆ 7–9 ಮಿಲಿಯನ್, ಒಪ್ಪಂದ ಇನ್ನೂ ಎರಡು ವರ್ಷ. ಜೂನ್ ಕೊನೆಯಲ್ಲಿ 12ಕ್ಕೆ ಆಫರ್ ಮಾಡಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಒಂದು ವಾರ ಬಿಟ್ಟು 9.5 ಮಾಡಿದೆ. ಎರಡು ಕ್ಲಬ್ ಬಂದವು. ಒಂದು ಕ್ಲಬ್ 6 ಮಿಲಿಯನ್ ಈಗ, 2.5 ಮಿಲಿಯನ್ ಮೂರು ವರ್ಷದ ಕಂತಿನಲ್ಲಿ ಅಂದಿತು. ನಾನು ‘ನೆಗೋಷಿಯೇಟ್’ ಒತ್ತಿ ಕಂತು ತೆಗೆದೆ, 8.5 ಪೂರ್ತಿ ಈಗಲೇ ಅಂದೆ, ಅದರ ಜೊತೆಗೆ ಮುಂದಿನ ಮಾರಾಟದ ಲಾಭದಲ್ಲಿ ಶೇ. 20 ಸೇರಿಸಿದೆ. ಒಪ್ಪಿದರು. ಎರಡು ವರ್ಷದ ಮೇಲೆ ಅವರು ಅವನನ್ನು 16ಕ್ಕೆ ಮಾರಿದರು. ನಾನು ಮರೆತೇ ಹೋಗಿದ್ದೆ. ಇನ್‌ಬಾಕ್ಸ್‌ಗೆ 1.5 ಮಿಲಿಯನ್ ಬಂದು ಬಿತ್ತು.

ಇದರಲ್ಲಿ ಗಮನಿಸಬೇಕಾದದ್ದು ಆ ಶೇ. 20. ಕೊಳ್ಳುವ ಕ್ಲಬ್‌ಗಳು ನಗದನ್ನು ಬಿಗಿ ಹಿಡಿಯುತ್ತವೆ, ಮುಂದಿನ ಮಾರಾಟದ ಪಾಲನ್ನು ಸಲೀಸಾಗಿ ಕೊಡುತ್ತವೆ. 23ರ ಒಳಗಿನ ಹುಡುಗನನ್ನು ಮಾರುವಾಗ ಈ ಷರತ್ತಿಲ್ಲದೆ ಸಹಿ ಹಾಕಲೇಬೇಡಿ.

ಬಂದ ಆಫರನ್ನು ತಿದ್ದುವಾಗ ಒಂದೇ ಸುತ್ತಿನಲ್ಲಿ ಎಲ್ಲವನ್ನೂ ಏರಿಸಬೇಡಿ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರು ಒಂದೊಂದೇ ಬೆರಳು ಸೇರಿಸುತ್ತಾರೆ ಅಲ್ವಾ, ಹಾಗೆ. ಜಾಸ್ತಿ ಎಳೆದರೆ ಗಿರಾಕಿ ಎದ್ದು ಹೋಗುತ್ತಾನೆ, ಮತ್ತೆ ಆ ವಿಂಡೋದಲ್ಲಿ ಬರುವುದೇ ಕಷ್ಟ.

### ಯಾರೂ ಬರದಿದ್ದರೆ

ಬೆಲೆಗಿಂತ ಸಂಬಳವೇ ಅಡ್ಡ ಬಂದಿರುವ ಸಾಧ್ಯತೆ ಜಾಸ್ತಿ. ಆಟಗಾರನ ಏಜೆಂಟ್ ಬಳಿ ವಿಚಾರಿಸಿ. ವಾರಕ್ಕೆ 40 ಸಾವಿರ ಪಡೆಯುವವನನ್ನು 20 ಸಾವಿರ ಕೊಡುವ ಕ್ಲಬ್ ಹೇಗೆ ಕೊಳ್ಳುತ್ತದೆ? ಫೀ ಸೊನ್ನೆ ಮಾಡಿದರೂ ಅವನು ಹೋಗುವುದಿಲ್ಲ.

ಎಫ್‌ಎಂ 24ರಲ್ಲಿ ಇಂಟರ್ಮೀಡಿಯರಿ ಅನ್ನುವ ದಲ್ಲಾಳಿ ಬಂದಿದ್ದಾನೆ. ಬೆಲೆ ಹೇಳಿ, ಅವನ ಕಮಿಷನ್ ಒಪ್ಪಿ, ಅವಧಿ ಕೊಟ್ಟರೆ ಗಿರಾಕಿ ಹುಡುಕುತ್ತಾನೆ. ಒಳ್ಳೆಯವನ ಮಾರಾಟಕ್ಕೆ ಇವನು ಬೇಕಿಲ್ಲ, ಸುಮ್ನೆ ಕಮಿಷನ್ ದಂಡ. ಸಂಬಳ ಜಾಸ್ತಿ ಇರುವ, ಬೇಡವಾದ ಆಟಗಾರನಿಗೆ ಉಪಯೋಗ. ಎಫ್‌ಎಂ 26 ಆಡುವವರಿಗೆ ಟ್ರಾನ್ಸ್‌ಫರ್‌ರೂಮ್ ಪುಟದಲ್ಲಿ ಯಾವ ಕ್ಲಬ್‌ಗೆ ಯಾವ ಜಾಗಕ್ಕೆ ಆಟಗಾರ ಬೇಕು ಅಂತ ಕಾಣುತ್ತದೆ. ಅಲ್ಲಿ ಹುಡುಗನನ್ನು ತೋರಿಸುವುದಕ್ಕೆ ಖರ್ಚಿಲ್ಲ, ಮೊದಲು ಅದನ್ನೇ ಮಾಡಿ.

ಅದೂ ಆಗದಿದ್ದರೆ ಲೋನ್, ಅಂದರೆ ಸ್ವಲ್ಪ ಕಾಲ ಬೇರೆ ಕ್ಲಬ್‌ಗೆ ಎರವಲು ಕೊಡುವುದು. ಸಂಬಳದ ಅರ್ಧ ಅವರು ಕೊಡಲಿ, ಅರ್ಧ ನೀವೇ ಕೊಡಿ. ಅರ್ಧ ಉಳಿಯಿತಲ್ಲ. ಒಪ್ಪಂದ ಮುರಿದು ಕಳಿಸುವುದು ಕೊನೆಯ ದಾರಿ. ಬಾಕಿ ಸಂಬಳದ ದೊಡ್ಡ ಭಾಗ ಒಂದೇ ಸಲ ಕೈಬಿಡುತ್ತದೆ.

## ಹಂತ 4: ಹುಡುಕಾಟ

ಬೇಸಿಗೆಯ ಖರೀದಿಗೆ ಜನವರಿಯಲ್ಲೇ ಸ್ಕೌಟ್ ಕಳಿಸಬೇಕು. ರಿಕ್ರೂಟ್‌ಮೆಂಟ್ ಫೋಕಸ್‌ನಲ್ಲಿ ಜಾಗ, ವಯಸ್ಸು, ದೇಶ ಸ್ಪಷ್ಟವಾಗಿ ಕೊಡಿ. ‘ಒಳ್ಳೆ ಆಟಗಾರ ಯಾರಾದರೂ’ ಅಂತ ಬಿಟ್ಟರೆ ನಾಲ್ಕು ತಿಂಗಳ ಮೇಲೆ ಹದಿನೈದು ಲೆಫ್ಟ್ ಬ್ಯಾಕ್‌ಗಳ ವರದಿ ಬರುತ್ತದೆ.

ಮೂರು ಕಡೆ ಮಾಲು ಅಗ್ಗ. ಒಂದು, ಒಪ್ಪಂದ ಮುಗಿಯುತ್ತಿರುವವರು. ಎರಡು, ಈಗಷ್ಟೇ ಕೆಳಗಿನ ಲೀಗಿಗೆ ಬಿದ್ದ ಕ್ಲಬ್‌ಗಳು. ಇಂಥ ಕಡೆ ಕೆಲವರಿಗೆ ರೆಲಿಗೇಷನ್ ರಿಲೀಸ್ ಕ್ಲಾಸ್ (ಕ್ಲಬ್ ಕೆಳಗೆ ಬಿದ್ದರೆ ನಿಗದಿಯಾದ ಮೊತ್ತಕ್ಕೆ ಬಿಡಲೇಬೇಕು ಅನ್ನುವ ಷರತ್ತು) ಇರುತ್ತದೆ, ಅರ್ಧ ಬೆಲೆಗೆ ಸಿಗುತ್ತಾರೆ. ಮೂರು, ದೊಡ್ಡ ಕ್ಲಬ್‌ಗಳ ಬೇಡವಾದ 20–21ರ ಹುಡುಗರು.

ನಿಜ ಪ್ರಪಂಚದಲ್ಲಿ ಈ ಲೆಕ್ಕ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಬ್ರೈಟನ್ ಕ್ಲಬ್ ಸಾಕು. ಮೊಯಿಸೆಸ್ ಕೈಸೆಡೊನನ್ನು 2021ರಲ್ಲಿ ಎಕ್ವಡಾರ್‌ನಿಂದ ತಂದರು, ಬೆಲ್ಜಿಯಂಗೆ ಲೋನ್ ಕಳಿಸಿ ಆಡಿಸಿದರು, ವಾಪಸ್ ತಂದು ತಮ್ಮ ತಂಡದಲ್ಲಿ ಬೆಳೆಸಿದರು. 2023ರ ಆಗಸ್ಟ್‌ನಲ್ಲಿ ಚೆಲ್ಸಿ ಅವನಿಗೆ ಕೊಟ್ಟದ್ದು 100 ಮಿಲಿಯನ್ ಪೌಂಡ್, ಷರತ್ತು ಸೇರಿ 115 ಮಿಲಿಯನ್‌ವರೆಗೆ. ಕೊಳ್ಳು, ಕಳಿಸು, ಆಡಿಸು, ಮಾರು. ಗೇಮ್‌ನಲ್ಲೂ ಇದೇ ಸರಣಿ ನಡೆಯುತ್ತದೆ. ‘ಆಡಿಸು’ ಅನ್ನುವುದನ್ನು ಬಿಟ್ಟರೆ ಮಾತ್ರ ನಡೆಯುವುದಿಲ್ಲ.

ವರದಿ ಬಂದಾಗ ನಕ್ಷತ್ರ ಬಿಟ್ಟು ಗುಣ–ದೋಷಗಳ ಪಟ್ಟಿ ಓದಿ. ಗಾಯದ ಪ್ರವೃತ್ತಿ, ದೊಡ್ಡ ಪಂದ್ಯದಲ್ಲಿ ಕೈಕೊಡುವುದು, ಒಂದೇ ಸಮ ಆಡದಿರುವುದು, ಇವು ಅಂಕಿಯಾಗಿ ನಿಮಗೆ ಕಾಣುವುದಿಲ್ಲ. ಸ್ಕೌಟ್‌ನ ಒಂದು ಸಾಲಿನಲ್ಲಿ ಮಾತ್ರ ಇರುತ್ತವೆ. ಗಾಯಗಳ ಇತಿಹಾಸದ ಪುಟ ತೆರೆಯಿರಿ. ಒಂದೇ ಮಂಡಿ ಎರಡು ಸಲ ಹೋಗಿದ್ದರೆ ಅಲ್ಲಿಗೆ ಮುಗಿಯಿತು, ಮುಂದಿನ ಹೆಸರಿಗೆ ಹೋಗಿ. ಗುಣ ಇನ್ನೂ ‘11–15’ ಅಂತ ಅಂತರದಲ್ಲಿ ಕಾಣುತ್ತಿದ್ದರೆ ಸ್ಕೌಟಿಂಗ್ ಮುಗಿದಿಲ್ಲ ಅಂತ ಅರ್ಥ. 15 ಅಂದುಕೊಂಡು ಕೊಂಡರೆ ಸಾಮಾನ್ಯವಾಗಿ 11 ಸಿಗುತ್ತದೆ, ನನ್ನ ಅದೃಷ್ಟಕ್ಕಂತೂ.

ಇಂಗ್ಲೆಂಡಿನಲ್ಲಿ ಆಡುವವರು ವರ್ಕ್ ಪರ್ಮಿಟ್ ಸಾಲನ್ನೂ ನೋಡಬೇಕು. 2021ರ ಜನವರಿಯಿಂದ ಯೂರೋಪಿನವರಿಗೂ ಅಂಕದ ಪದ್ಧತಿ ಬಂದಿದೆ, 18 ತುಂಬದ ವಿದೇಶಿ ಹುಡುಗರನ್ನು ಕೊಳ್ಳಲಾಗುವುದಿಲ್ಲ.

## ಹಂತ 5: ಕ್ಲಬ್ ಜೊತೆ ಚೌಕಾಸಿ

ಕ್ರಮ ಹೀಗಿರಲಿ: ಮೊದಲು ಏಜೆಂಟ್, ಆಮೇಲೆ ಕ್ಲಬ್. ಆಟಗಾರ ಬರಲು ಇಷ್ಟಪಡುತ್ತಾನಾ, ಸಂಬಳ ಎಷ್ಟು ಕೇಳುತ್ತಾನೆ, ಕ್ಲಬ್ ಎಷ್ಟಕ್ಕೆ ಬಿಡಬಹುದು ಅನ್ನುವುದನ್ನು ಏಜೆಂಟ್ ಬಿಟ್ಟಿಯಾಗಿ ಹೇಳುತ್ತಾನೆ. ಎರಡು ವಾರ ಕ್ಲಬ್ ಜೊತೆ ಗುದ್ದಾಡಿ ಗೆದ್ದ ಮೇಲೆ ‘ನಮ್ಮ ಹುಡುಗ ನಿಮ್ಮ ಊರಿಗೆ ಬರಲ್ಲ’ ಅಂತ ಕೇಳಿಸಿಕೊಳ್ಳುವುದಕ್ಕಿಂತ ಇದು ವಾಸಿ.

ಆಫರ್ ಪುಟದಲ್ಲಿ ಪ್ರತಿ ಸಾಲಿನ ಪಕ್ಕ ಬೀಗದ ಗುರುತು ಇದೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಬೀಗ ಹಾಕಿದರೆ ‘ಈ ಅಂಕಿ ಬದಲಾಗಲ್ಲ, ಬೇರೆ ಏನಾದರೂ ಕೇಳಿ’ ಅಂತ ಅರ್ಥ. ನಗದಿಗೆ ಬೀಗ ಹಾಕಿ, ಷರತ್ತುಗಳನ್ನು ತೆರೆದಿಡಿ. ಒಂದು ಬಗೆಯ ಆಫರ್ ಹೀಗಿರಬಹುದು:

ಅವರು ಕೇಳಿದ್ದು 10 ಮಿಲಿಯನ್. ನೀವು ಈಗ 5, ಮೂರು ವರ್ಷದ ಕಂತಿನಲ್ಲಿ 2, 50 ಲೀಗ್ ಪಂದ್ಯ ಆಡಿದ ಮೇಲೆ 1.5, ಮುಂದಿನ ಮಾರಾಟದ ಲಾಭದಲ್ಲಿ ಶೇ. 15. ಅವರ ಕಣ್ಣಿಗೆ ಇದು ಹತ್ತರ ಹತ್ತಿರ ಕಾಣುತ್ತದೆ. ನಿಮ್ಮ ಕೈಯಿಂದ ಈ ವರ್ಷ ಹೋಗುವುದು 5 ಮತ್ತು ಕಂತಿನ ಒಂದು ಭಾಗ. ಹುಡುಗ 50 ಪಂದ್ಯ ಆಡದಿದ್ದರೆ ಆ 1.5 ಕೊಡಬೇಕಾಗೇ ಇಲ್ಲ.

ಶೇಕಡಾ ಪಾಲಿನಲ್ಲಿ ಎರಡು ಬಗೆ ಇದೆ, ಹುಷಾರು. ‘ಮುಂದಿನ ಮಾರಾಟದಲ್ಲಿ’ ಅಂದರೆ ಪೂರ್ತಿ ಹಣದಲ್ಲಿ ಪಾಲು. ‘ಲಾಭದಲ್ಲಿ’ ಅಂದರೆ ನೀವು ಕೊಟ್ಟದ್ದನ್ನು ಕಳೆದು ಉಳಿದದ್ದರಲ್ಲಿ ಪಾಲು. ಕೊಡುವಾಗ ಲಾಭದಲ್ಲಿ ಕೊಡಿ, ತೆಗೆದುಕೊಳ್ಳುವಾಗ ಮಾರಾಟದಲ್ಲಿ ಕೇಳಿ, ಆಗದಿದ್ದರೆ ಲಾಭಕ್ಕೆ ಇಳಿಯಿರಿ.

ಕಂತಿನ ರುಚಿ ಹತ್ತಿದರೆ ಬಿಡುವುದಿಲ್ಲ, ಅದೂ ಒಂದು ಕಾಯಿಲೆ. ಐದು ಜನರನ್ನು ಕಂತಿನಲ್ಲಿ ತಂದರೆ ಮುಂದಿನ ವರ್ಷದ ಬಜೆಟ್ ಹುಟ್ಟುವ ಮೊದಲೇ ಖರ್ಚಾಗಿರುತ್ತದೆ. ಬಾಕಿ ಷರತ್ತುಗಳ ಪಟ್ಟಿಯನ್ನು ಪ್ರತಿ ಡಿಸೆಂಬರ್‌ನಲ್ಲಿ ಒಮ್ಮೆ ತೆರೆದು ಕೂಡಿಸಿ ನೋಡಿ.

## ಹಂತ 6: ಆಟಗಾರನ ಒಪ್ಪಂದ

ಕ್ಲಬ್ ಒಪ್ಪಿದ ಕೂಡಲೇ ಜನ ಸಡಿಲ ಬಿಡುತ್ತಾರೆ. ಏಜೆಂಟ್ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ. ಮೇಲೆ ಹೇಳಿದ 34 ಜನರ ತಂಡ ಹುಟ್ಟುವುದು ಇಲ್ಲಿಂದಲೇ.

ಮೊದಲು ಪ್ಲೇಯಿಂಗ್ ಟೈಮ್ ಮುಟ್ಟಿ, ಸಂಬಳವನ್ನು ಆಮೇಲೆ. ‘ಇಂಪಾರ್ಟೆಂಟ್ ಪ್ಲೇಯರ್’ ಇದ್ದದ್ದನ್ನು ‘ಸ್ಕ್ವಾಡ್ ಪ್ಲೇಯರ್’ ಮಾಡಿದರೆ ಕೇಳುವ ಸಂಬಳವೂ ಇಳಿಯುತ್ತದೆ. ಒಪ್ಪದಿದ್ದರೆ ಒಂದು ಮೆಟ್ಟಿಲು ಏರಿ. ಆದರೆ ನೀವು ಒಪ್ಪಿದ್ದು ಮಾತು ಕೊಟ್ಟಂತೆ. ‘ಸ್ಟಾರ್ ಪ್ಲೇಯರ್’ ಅಂತ ಬರೆದು ಬೆಂಚಿನಲ್ಲಿ ಕೂರಿಸಿದರೆ ಎರಡು ತಿಂಗಳಲ್ಲಿ ಬಾಗಿಲು ತಟ್ಟುತ್ತಾನೆ. ಅವನು ಟೀಮ್ ಲೀಡರ್ ಆಗಿದ್ದರೆ ಹಿಂದೆ ಐದಾರು ಜನರನ್ನೂ ಕರಕೊಂಡು ಬರುತ್ತಾನೆ.

ತೆಗೆಸಬೇಕಾದ ಷರತ್ತುಗಳು: ಪ್ರತಿ ವರ್ಷ ಸಂಬಳ ಏರಿಕೆ, ತಂಡದ ಅತಿ ಹೆಚ್ಚು ಸಂಬಳಕ್ಕೆ ಸಮ ಮಾಡುವುದು, ಕಡಿಮೆ ಮೊತ್ತದ ರಿಲೀಸ್ ಕ್ಲಾಸ್. ಎರಡನೆಯದು ವಿಷ. ಮುಂದೆ ಒಬ್ಬ ದೊಡ್ಡ ಆಟಗಾರ ಬಂದ ದಿನ ಇವನ ಸಂಬಳವೂ ಅವನ ಸಮಕ್ಕೆ ಏರುತ್ತದೆ. ಬದಲಿಗೆ ಪಂದ್ಯಕ್ಕೆ ಇಷ್ಟು ಅನ್ನುವ ಭತ್ಯೆ ಕೊಡಿ, ಆಡಿದರೆ ಮಾತ್ರ ಖರ್ಚು. ಸೇರಿಸಬೇಕಾದದ್ದು: ಕೆಳಗಿನ ಲೀಗಿಗೆ ಬಿದ್ದರೆ ಸಂಬಳ ಇಳಿಕೆ, ಕ್ಲಬ್ಬಿಗೆ ಬೇಕಾದರೆ ಒಂದು ವರ್ಷ ಮುಂದುವರಿಸುವ ಹಕ್ಕು.

30ರ ಹತ್ತಿರ ಬಂದವರಿಗೆ, ದಾಟಿದವರಿಗೆ ಎರಡು ವರ್ಷಕ್ಕಿಂತ ಜಾಸ್ತಿ ಕೊಡಬೇಡಿ. ಇದನ್ನು ನಾನು ಕಾಸು ಕೊಟ್ಟು ಕಲಿತಿದ್ದೇನೆ. 29ರ ಸ್ಟ್ರೈಕರ್, ಫೀ ಇಲ್ಲ, ವಾರಕ್ಕೆ 38 ಸಾವಿರ, ನಾಲ್ಕು ವರ್ಷ. ಮೊದಲ ವರ್ಷ 17 ಗೋಲು ಹೊಡೆದ, ಊರೆಲ್ಲ ಹೊಗಳಿತು. ಎರಡನೇ ವರ್ಷ ವೇಗ ಇಳಿಯಿತು. ಮೂರನೇ ವರ್ಷ ಯಾರಿಗೆ ಬಿಟ್ಟಿ ಕೊಡುತ್ತೇನೆ ಅಂದರೂ ಬೇಡ ಅಂದರು. ಅಗ್ಗಕ್ಕೆ ಸಿಕ್ಕಿತು ಅಂತ ಮುಗ್ಗಲು ಜೋಳ ತಂದ ಕತೆ. ಲೆಕ್ಕ ಹಾಕಿದರೆ 7.9 ಮಿಲಿಯನ್. ಅಷ್ಟರಲ್ಲಿ 21ರ ಇಬ್ಬರು ಬರುತ್ತಿದ್ದರು.

ಏಜೆಂಟ್‌ನ ತಾಳ್ಮೆ ಎಷ್ಟು ಉಳಿದಿದೆ ಅನ್ನುವುದರ ಮೇಲೂ ಒಂದು ಕಣ್ಣಿಡಿ. ಅದು ಕೆಳಗಿಳಿದಾಗ ಒಂದು ಸಣ್ಣ ವಿಷಯ ಬಿಟ್ಟುಕೊಡಿ, ಏಜೆಂಟ್ ಫೀ ಸ್ವಲ್ಪ ಏರಿಸಿದರೂ ಸಾಕು. ಅವನ ಜೇಬು ಬೆಚ್ಚಗಾದರೆ ಹುಡುಗನ ಸಂಬಳ ತಣ್ಣಗಾಗುತ್ತದೆ. ಚೆನ್ನಾಗಿಲ್ಲದ ಮಾತು, ಆದರೆ ಹಾಗೇ ನಡೆಯುತ್ತದೆ.

## ಹಂತ 7: ಲೋನ್

ಹುಡುಗನನ್ನು ಲೋನ್ ಕಳಿಸುವಾಗ ನೋಡಬೇಕಾದದ್ದು ಒಂದೇ: ಅಲ್ಲಿ ಅವನು ಆಡುತ್ತಾನಾ? ಲೋನ್ ಆಫರ್‌ನಲ್ಲಿ ಪ್ಲೇಯಿಂಗ್ ಟೈಮ್ ಸಾಲು ಇದೆ, ‘ರೆಗ್ಯುಲರ್ ಸ್ಟಾರ್ಟರ್’ಗಿಂತ ಕಡಿಮೆ ಇದ್ದರೆ ಕಳಿಸಬೇಡಿ. ವಾಪಸ್ ಕರೆಸಿಕೊಳ್ಳುವ ಹಕ್ಕು ಇಟ್ಟುಕೊಳ್ಳಿ. ಫಿಫಾ ನಿಯಮದಂತೆ 2024ರ ಜುಲೈನಿಂದ ಬೇರೆ ದೇಶಗಳಿಗೆ ಲೋನ್ ಕಳಿಸುವುದು ಆರು ಜನರಿಗೆ ಸೀಮಿತ, 21ರ ಒಳಗಿನ ನಿಮ್ಮದೇ ಅಕಾಡೆಮಿ ಹುಡುಗರು ಅದಕ್ಕೆ ಹೊರತು. ಹತ್ತು ಜನ ದಕ್ಷಿಣ ಅಮೆರಿಕದ ಹುಡುಗರನ್ನು ಕೊಂಡು ಯೂರೋಪಿನ ತುಂಬ ಹಂಚುವ ಹಳೆಯ ಉಪಾಯ ಇದರಿಂದ ಕೆಟ್ಟಿತು.

## ಹಂತ 8: ಕೊನೆಯ ವಾರ

ಆಗಸ್ಟ್ ಕೊನೆಯ ವಾರ ಮಾರುವವರ ಕಾಲ. ಗಾಬರಿಯಾದ ಕ್ಲಬ್‌ಗಳು ಜಾಸ್ತಿ ಕೊಡುತ್ತವೆ. ನೀವು ಕೊಳ್ಳುವವರಾಗಿ ಆ ವಾರಕ್ಕೆ ಬಂದಿದ್ದರೆ ಆ ಗಾಬರಿ ನಿಮ್ಮದು. ಆದರೂ ಎರಡನೇ ಪಟ್ಟಿಯವನಿಗೆ ಒಳ್ಳೆ ಆಫರ್ ಬಂತು ಅನ್ನಿ, ಬದಲಿ ಆಟಗಾರ ಕೈಯಲ್ಲಿ ಇದ್ದರೆ ಮಾತ್ರ ಒಪ್ಪಿ. ಆ ಬದಲಿ ಹೆಸರುಗಳು ಏಪ್ರಿಲ್‌ನಿಂದಲೇ ಶಾರ್ಟ್‌ಲಿಸ್ಟ್‌ನಲ್ಲಿ ಇರಬೇಕು. ಹಾಗೆ ಇಟ್ಟುಕೊಂಡವರಿಗೆ ಕೊನೆ ದಿನ ಬಹಳ ಮಜಾ.

ಸೇವ್ ಮಾಡಿಟ್ಟು, ಕೆಟ್ಟರೆ ಮತ್ತೆ ಲೋಡ್ ಮಾಡುವವರು ಇದ್ದಾರೆ. ನಿಮ್ಮ ಆಟ, ನಿಮ್ಮಿಷ್ಟ. ನಾನು ಕಲಿಯುವ ಮೊದಲ ಎರಡು ಸೀಸನ್ನಿನಲ್ಲಿ ಮಾಡಿದ್ದೇನೆ, ಸುಳ್ಳು ಹೇಳಲ್ಲ.

## ಈ ಗುರುತು ಕಂಡರೆ ನಿಲ್ಲಿಸಿ

ಕೊಳ್ಳಲು ಹೊರಟ ಆಟಗಾರನಿಗಾಗಿ ತಂಡದಲ್ಲಿ ಹೊಸ ಜಾಗ ಹುಡುಕುತ್ತಿದ್ದೀರಿ ಅಂದರೆ ಅವನು ಬೇಕಿರಲಿಲ್ಲ.

ಮಾರಾಟದ ಹಣ ಬರುವ ಮೊದಲೇ ಇನ್ನೊಬ್ಬನಿಗೆ ಆಫರ್ ಹಾಕಿದ್ದೀರಿ. ಮೆಡಿಕಲ್ ಫೇಲಾದರೆ, ಸಂಬಳಕ್ಕೆ ಒಪ್ಪದಿದ್ದರೆ ಮಾರಾಟ ನಿಂತುಹೋಗುತ್ತದೆ, ಖರೀದಿ ನಿಲ್ಲುವುದಿಲ್ಲ.

ಒಂದೇ ವಿಂಡೋದಲ್ಲಿ ಏಳೆಂಟು ಹೊಸ ಮುಖ. ಡೈನಾಮಿಕ್ಸ್ ಪುಟದಲ್ಲಿ ಒಗ್ಗಟ್ಟು ಕುಸಿದದ್ದು ಸೆಪ್ಟೆಂಬರ್‌ನಲ್ಲಿ ಕಾಣುತ್ತದೆ, ಅಂಕಪಟ್ಟಿಯಲ್ಲಿ ಅಕ್ಟೋಬರ್‌ನಲ್ಲಿ.

ಒಬ್ಬ ಪ್ರಭಾವಿ ಆಟಗಾರನಿಗೆ ಬಂದ ದೊಡ್ಡ ಆಫರನ್ನು ನೀವು ಸೀದಾ ತಿರಸ್ಕರಿಸಿದಿರಿ, ಅವನು ಮಾತಾಡಲು ಬಂದ. ಇಲ್ಲಿ ‘ಮುಂದಿನ ಸಲ ಬಿಡ್ತೀನಿ’ ಅಂತ ಮಾತು ಕೊಟ್ಟರೆ ಮೊತ್ತ ದೊಡ್ಡದಾಗಿ ಹೇಳಿ. ಆ ಮೊತ್ತಕ್ಕೆ ಯಾರಾದರೂ ಬಂದರೆ ಬಿಡಲೇಬೇಕು.

## ಬೆಂಗಳೂರು ಎಫ್‌ಸಿ ಹಿಡಿದವರಿಗೆ

ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಮೇಲಿನ ಕೆಲವು ಮಾತು ತಲೆಕೆಳಗು. 2021–22ರಿಂದ ಮೈದಾನದಲ್ಲಿ ಒಮ್ಮೆಗೆ ನಾಲ್ಕೇ ವಿದೇಶಿಗಳು ಇರಬಹುದು. ಉಳಿದ ಏಳು ಜಾಗಕ್ಕೆ ಭಾರತದವರೇ ಬೇಕು, ಒಳ್ಳೆಯವರು ಎಲ್ಲ ಕ್ಲಬ್‌ಗೂ ಬೇಕು. ವಿದೇಶಿ ಸ್ಟ್ರೈಕರ್ ಪ್ರತಿ ಬೇಸಿಗೆ ಫ್ರೀಯಾಗಿ ಸಿಗುತ್ತಾನೆ. ಒಳ್ಳೆ ಭಾರತೀಯ ಸೆಂಟರ್ ಬ್ಯಾಕ್ ಸಿಗುವುದಿಲ್ಲ.

ಹಾಗಾಗಿ ಇಲ್ಲಿ ಟ್ರಾನ್ಸ್‌ಫರ್ ಫೀಗಿಂತ ಒಪ್ಪಂದದ ದಿನಾಂಕವೇ ವ್ಯಾಪಾರ. ನಿಮ್ಮ 22ರ ಭಾರತೀಯ ಹುಡುಗರ ಒಪ್ಪಂದ ಎರಡು ವರ್ಷಕ್ಕೆ ಇಳಿಯುವ ಮೊದಲೇ ಹೊಸದು ಮಾಡಿ. ಬೇರೆ ಕ್ಲಬ್‌ಗಳ ಭಾರತೀಯರಲ್ಲಿ ಯಾರ ಒಪ್ಪಂದ ಮುಂದಿನ ವರ್ಷ ಮುಗಿಯುತ್ತದೆ ಅಂತ ಫಿಲ್ಟರ್ ಹಾಕಿ ಶಾರ್ಟ್‌ಲಿಸ್ಟ್ ಮಾಡಿಟ್ಟುಕೊಳ್ಳಿ. ಹಾಗೆ ಇಟ್ಟ ಹೆಸರುಗಳನ್ನು ತಿಂಗಳಿಗೊಮ್ಮೆ ತೆರೆದು ನೋಡಿ. ಕೆಲವರು ಅಷ್ಟರಲ್ಲಿ ತಮ್ಮ ಕ್ಲಬ್‌ನಲ್ಲೇ ಸಹಿ ಹಾಕಿರುತ್ತಾರೆ, ಪಟ್ಟಿಯಿಂದ ತೆಗೆದು ಆ ಜಾಗಕ್ಕೆ ಇನ್ನೊಬ್ಬನನ್ನು ಹಾಕಿ.